‘ಅಯ್ಯೋ ಪಾಪ’ ಅಂದರೆ ಸಾಕೇ?

ಬೆಳಿಗ್ಗೆ ಹಾಲಿನವನ ಕೂಗಿಗೆ ಬಾಗಿಲು ತೆರೆದರೆ ಓಣಿಯ ತುದಿಯಲ್ಲಿ ಒಂದು ನಾಯಿ. ರಾತ್ರಿ ಯಾವುದೋ ಟಂಟಂ ಬಡಿದು ಹೋಗಿದೆ. ಮುಂಗಾಲು ಊರಿ ಮೈ ಎಳೆದುಕೊಂಡು ಕಟ್ಟೆಯ ನೆರಳಿಗೆ ಬರಲು ನೋಡುತ್ತಿದೆ, ಹಿಂಗಾಲು ಏಳುತ್ತಿಲ್ಲ. ‘ಅಯ್ಯೋ ಪಾಪ’ ಅನ್ನುತ್ತೀರಿ ನೀವು. ‘ಪಾಪ, ಮೂಕಪ್ರಾಣಿ’ ಅನ್ನುತ್ತಾರೆ ಎದುರು ಮನೆಯವರು. ಮೊದಲ ದಿನ ನಾಲ್ಕು ಮನೆಯಿಂದ ರೊಟ್ಟಿ ಚೂರು ಬೀಳುತ್ತವೆ. ಮೂರನೇ ದಿನ ಗಾಯಕ್ಕೆ ಹುಳ ಬೀಳುತ್ತದೆ, ವಾಸನೆ ಶುರುವಾಗುತ್ತದೆ. ನಾಲ್ಕನೇ ದಿನ ‘ಯಾರರೆ ನಗರಸಭೆಗೆ ಫೋನ್ ಮಾಡ್ರಪಾ’ ಅನ್ನುವ ಮಾತು ಬರುತ್ತದೆ. ಆಮೇಲೆ ಆ ನಾಯಿ ಕಾಣುವುದಿಲ್ಲ. ಎಲ್ಲಿಗೆ ಹೋಯಿತೆಂದು ಯಾರೂ ಕೇಳುವುದೂ ಇಲ್ಲ.

ಯಾದಗಿರಿಯ ಸ್ಟೇಷನ್ ರಸ್ತೆ ಇರಲಿ, ಶಹಾಪುರದ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿ ಇರಲಿ, ಸುರಪುರದ ರಂಗಂಪೇಟೆ ಇರಲಿ, ಈ ಕಥೆ ನಮಗೆಲ್ಲ ಗೊತ್ತಿರುವುದೇ. ಅಲ್ವಾ?

ಇಲ್ಲಿ ಯಾರಿಗೂ ಕರುಣೆ ಇರಲಿಲ್ಲ ಅಂತಲ್ಲ. ನಾಲ್ಕೂ ಮನೆಯವರಿಗೆ ಕರುಣೆ ಇತ್ತು. ಮುಂದೇನು ಮಾಡಬೇಕು ಅನ್ನೋದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕಾಲು ಹೋದ, ಕಣ್ಣು ಹೋದ, ಸೊಂಟ ಬಿದ್ದ ನಾಯಿಗೆ ಬೇಕಾದದ್ದು ಹೊತ್ತು ಹೊತ್ತಿಗೆ ಮಾಡುವ ನಾಲ್ಕಾರು ಸಣ್ಣ ಕೆಲಸ. ಇಂಥ ನಾಯಿಗಳನ್ನು ಸಾಕುವ ದೊಡ್ಡ ದೊಡ್ಡ ಆಶ್ರಯಧಾಮಗಳು ಮಾಡುವುದೂ ಅದನ್ನೇ. ಆ ಕೆಲಸಗಳೇನು, ನಮ್ಮಂಥ ಗೃಹಿಣಿಯರಿಗೆ ಅವು ಸಾಧ್ಯವೇ, ಬನ್ನಿ ನೋಡೋಣ.

ಕಾಳಿಗೆ ಕಲ್ಲು ನಿಲ್ಲಿಸಿದ ನಾಡಿದು

‘ನಾಯಿಗೆ ಇಷ್ಟೆಲ್ಲ ಯಾಕೆ? ಇದೆಲ್ಲ ಪೇಟೆಯವರ ಶೋಕಿ’ ಅಂತ ಮನೆಯಲ್ಲಿ ಯಾರಾದರೂ ಅಂದರೆ ಅವರಿಗೆ ಆತಕೂರು ಶಾಸನದ ಕಥೆ ಹೇಳಿ. ಸಾವಿರ ವರ್ಷಕ್ಕೂ ಹಿಂದೆ, ಕ್ರಿ.ಶ. 949-50ರ ಹೊತ್ತಿಗೆ, ಕಾಳಿ ಎಂಬ ನಾಯಿ ಕಾಡುಹಂದಿಯ ಜೊತೆ ಸೆಣಸಿ ಪ್ರಾಣ ಬಿಟ್ಟಿತು. ಹಂದಿಯೂ ಸತ್ತಿತು. ಆ ನಾಯಿಯ ನೆನಪಿಗೆ ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ವೀರಗಲ್ಲು ನಿಲ್ಲಿಸಿದರು, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಆಗ ಚಕ್ರವರ್ತಿಯಾಗಿದ್ದವನು ರಾಷ್ಟ್ರಕೂಟರ ಮೂರನೇ ಕೃಷ್ಣ. ಅವನ ರಾಜಧಾನಿ ಮಾನ್ಯಖೇಟ ಅಂದರೆ ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯ ಮಳಖೇಡವೇ! ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಅಷ್ಟು ಹಿಂದೆ ಹೋಗುವುದೇ ಬೇಡ. ಸಂಕ್ರಾಂತಿಗೆ ಯಾದಗಿರಿ ಹತ್ತಿರದ ಮೈಲಾಪುರದ ಜಾತ್ರೆಗೆ ಹೋಗಿ ಬಂದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ಮೈಲಾರಲಿಂಗನ ಜೊತೆ ನಾಯಿ ಇರಲೇಬೇಕು. ಅವನ ಸೇವೆ ಮಾಡುವ ಗೊರವಯ್ಯಗಳು ತಾವೇ ದೇವರ ನಾಯಿಗಳೆಂದು ಹೇಳಿಕೊಂಡು, ದೋಣಿಯಲ್ಲಿಟ್ಟ ಪ್ರಸಾದವನ್ನು ನಾಯಿಯ ಹಾಗೆ ಬಾಯಿ ಹಾಕಿ ಸ್ವೀಕರಿಸುವ ಪದ್ಧತಿಯೂ ಇದೆ. ಜಾತ್ರೆಯಲ್ಲಿ ಕೈ ಮುಗಿದು, ಓಣಿಯಲ್ಲಿ ಕಲ್ಲು ಎತ್ತಿದರೆ ಹೇಗೆ ಹೇಳಿ?

ಹೆಸರಿನಲ್ಲೇ ಇದೆ ಗುಟ್ಟು

ಬೆಂಗಳೂರಿನಲ್ಲಿ ‘ಕುಪಾ’ ಎಂಬ ಸಂಸ್ಥೆ ಇದೆ. ಪೂರ್ತಿ ಹೆಸರು ಕಂಪ್ಯಾಶನ್ ಅನ್‌ಲಿಮಿಟೆಡ್ ಪ್ಲಸ್ ಆ್ಯಕ್ಷನ್. ಅಂದರೆ ಕೊನೆಯಿಲ್ಲದ ಕರುಣೆ, ಜೊತೆಗೆ ಕೆಲಸ! ಬರೀ ಕರುಣೆ ಸಾಲದು ಎಂಬ ಮಾತು ಹೆಸರಿನಲ್ಲೇ ಬಂತು ನೋಡಿ. ಇದನ್ನು 1991ರಲ್ಲಿ ಕಟ್ಟಿದವರು ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲೆಂಡ್ ಮೂಲದ ಮಹಿಳೆ. ಅದಕ್ಕೂ ಮೊದಲು ದೆಹಲಿಯಲ್ಲಿ, ಜೈಪುರದಲ್ಲಿ ಪ್ರಾಣಿಗಳಿಗೆ ಆಸರೆ ಕಟ್ಟಿ ಬಂದವರು. ಬೆಂಗಳೂರಿನಲ್ಲಿ ಕುಪಾ ಶುರು ಮಾಡಿದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. ನಾವು ನಲವತ್ತಕ್ಕೇ ‘ಮೊಣಕಾಲು ನೋವು, ಇನ್ನೇನಾಗತ್ತೆ ನಮ್ಮಿಂದ’ ಅಂತೀವಲ್ಲ...

ಅದೇ ಬೆಂಗಳೂರಿನಲ್ಲಿ 2013ರಲ್ಲಿ ಶುರುವಾದ ಇನ್ನೊಂದು ಕೇಂದ್ರದ ಹೆಸರು ‘ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್’. ಎಲ್ಲರೂ ‘ಕೇರ್’ ಅನ್ನುತ್ತಾರೆ. ಚಾರ್ಲಿ ಅಂದ ಕೂಡಲೇ ನಿಮಗೆ 2022ರಲ್ಲಿ ಬಂದ ‘777 ಚಾರ್ಲಿ’ ಸಿನಿಮಾ ನೆನಪಾಗಿರಬೇಕು. ಕರ್ಚೀಫು ಒದ್ದೆ ಮಾಡಿಕೊಂಡು ಬಂದವರೇ ನಾವೆಲ್ಲ. ಆ ಚಾರ್ಲಿ ಬೇರೆ, ಈ ಚಾರ್ಲಿ ಬೇರೆ. ಈ ಚಾರ್ಲಿ ಮೂರೇ ಕಾಲಿನ ನಾಯಿ. ಅದರ ಹೆಸರಿನಲ್ಲಿ ಎದ್ದು ನಿಂತ ಕೇಂದ್ರ ಇದು. ರಾಜಸ್ಥಾನದ ಉದಯಪುರದಲ್ಲಿ 2002ರಲ್ಲಿ ಶುರುವಾದ ‘ಅನಿಮಲ್ ಏಡ್ ಅನ್‌ಲಿಮಿಟೆಡ್’ ಎಂಬ ಧಾಮದಲ್ಲಂತೂ ಸೊಂಟ ಬಿದ್ದ ನಾಯಿಗಳಿಗೆ, ಕಣ್ಣಿಲ್ಲದ ನಾಯಿಗಳಿಗೆ ಬೇರೆ ಬೇರೆ ಜಾಗವೇ ಇದೆ.

ಇಂಥ ಧಾಮಗಳೆಲ್ಲ ಬಹುಮಟ್ಟಿಗೆ ದೊಡ್ಡ ಊರುಗಳ ಹತ್ತಿರವೇ ಇರುವುದು ನಿಜ. ಶಹಾಪುರದಿಂದ ಬೆಂಗಳೂರಿಗೆ ಹೋಗಬೇಕೆಂದರೆ ರಾತ್ರಿಯಿಡೀ ಪ್ರಯಾಣ. ಬೆನ್ನು ಮುರಿದ ನಾಯಿಯನ್ನು ಅಷ್ಟು ದೂರ ಸಾಗಿಸುವುದು ಅದಕ್ಕೂ ಕಷ್ಟ, ನಿಮಗೂ ಕಷ್ಟ. ಹಾಗಾಗಿ ಅವರ ಕೆಲಸದ ಕ್ರಮವನ್ನೇ ನಮ್ಮ ಹಿತ್ತಿಲಿಗೆ ತಂದುಕೊಳ್ಳುವುದು ಜಾಣತನ.

ಇನ್ನೊಂದು ಮಾತು ಕೇಳಿ. ಲಕ್ವ ಹೊಡೆದು ಮಲಗಿದ ಮಾವನವರನ್ನು, ಸೊಂಟ ಮುರಿದುಕೊಂಡ ಅಜ್ಜಿಯನ್ನು ನೋಡಿಕೊಂಡ ಕೈಗಳು ಎಷ್ಟೋ ಮನೆಯಲ್ಲಿವೆ. ಮಗ್ಗುಲು ಬದಲಿಸುವುದು, ಒದ್ದೆ ಬಟ್ಟೆ ತೆಗೆಯುವುದು, ಬೆನ್ನಿಗೆ ಹುಣ್ಣಾಗದಂತೆ ನೋಡುವುದು, ಮಾತ್ರೆಯ ಹೊತ್ತು ತಪ್ಪಿಸದಿರುವುದು... ಇದೆಲ್ಲ ಮಾಡಿದವರಿಗೆ ನಾಯಿಯ ಆರೈಕೆ ಹೊಸ ವಿದ್ಯೆ ಅಲ್ಲವೇ ಅಲ್ಲ.

ಮೊದಲ ಒಂದು ಗಂಟೆ

ಗಾಯಗೊಂಡ ನಾಯಿಯನ್ನು ಕಂಡ ಕೂಡಲೇ ಎತ್ತಲು ಹೋಗಬೇಡಿ. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಮೆಲ್ಲಗೆ ಮಾತಾಡಿಸುತ್ತ ಬದಿಯಿಂದ ಹೋಗಿ. ಹಳೆಯ ಸೀರೆಯ ಅಗಲ ಪಟ್ಟಿಯನ್ನು ಮೂತಿಗೆ ಸುತ್ತಿ ಕಿವಿಯ ಹಿಂದೆ ಸಡಿಲವಾಗಿ ಗಂಟು ಹಾಕಬಹುದು. ಆದರೆ ವಾಂತಿ ಮಾಡುತ್ತಿದ್ದರೆ, ಉಸಿರಾಟಕ್ಕೆ ಕಷ್ಟಪಡುತ್ತಿದ್ದರೆ ಮೂತಿ ಕಟ್ಟಲೇಬಾರದು.

ಬೆನ್ನಿಗೆ ಪೆಟ್ಟು ಬಿದ್ದಿದೆ ಅನ್ನಿಸಿದರೆ ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಹಲಗೆಯೋ ದಪ್ಪ ರಟ್ಟೋ ಪಕ್ಕಕ್ಕಿಟ್ಟು, ಮೈ ಬಾಗದಂತೆ ಅದರ ಮೇಲೆ ಸರಿಸಿಕೊಳ್ಳಿ. ಏನೂ ಸಿಗದಿದ್ದರೆ ಬೆಡ್‌ಶೀಟನ್ನು ನಾಲ್ಕು ಮೂಲೆ ಬಿಗಿಯಾಗಿ ಹಿಡಿದರೂ ಆಯಿತು. ಅಲ್ಲಿಂದ ನೇರವಾಗಿ ದನದ ದವಾಖಾನೆಗೆ. ಹೆಸರು ದನದ ದವಾಖಾನೆ ಇರಬಹುದು, ಅಲ್ಲಿನ ಡಾಕ್ಟರು ನಾಯಿಯನ್ನೂ ನೋಡುತ್ತಾರೆ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ ಕೇಳಲೂಬಹುದು. ಇನ್ನೂ ಹೆಚ್ಚಿನ ಪರೀಕ್ಷೆ ಬೇಕೆಂದು ಡಾಕ್ಟರು ಹೇಳಿದರೆ ನಮ್ಮ ಭಾಗಕ್ಕೆ ಬೀದರದ ಪಶುವೈದ್ಯಕೀಯ ಕಾಲೇಜು ಇದೆ.

ಮನುಷ್ಯರ ಮಾತ್ರೆ ಮಾತ್ರ ಕೊಡಬೇಡಿ! ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಗೆ ವಿಷವಾಗಬಹುದು. ಹುಳ ಬಿದ್ದ ಗಾಯಕ್ಕೆ ಸೀಮೆಎಣ್ಣೆ, ಪೆಟ್ರೋಲ್, ಫಿನಾಯಿಲ್ ಸುರಿಯುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಹುಳ ಸಾಯಬಹುದು, ಜೊತೆಗೆ ಚರ್ಮವೂ ಸುಡುತ್ತದೆ. ನಾಯಿ ಅದನ್ನು ನೆಕ್ಕಿ ಇನ್ನಷ್ಟು ಹಾಳಾಗುತ್ತದೆ. ಹುಳ ತೆಗೆಸುವುದು ಡಾಕ್ಟರ ಕೆಲಸ.

ಎಲ್ಲಕ್ಕಿಂತ ಮೊದಲು ನಿಮ್ಮ ಜೀವ

ರೇಬೀಸ್ ಬಂದ ನಾಯಿ ಯಾವಾಗಲೂ ಹುಚ್ಚೆದ್ದು ಓಡುವುದಿಲ್ಲ. ಕೆಲವು ನಾಯಿಗಳಲ್ಲಿ ಅದು ಲಕ್ವದ ರೂಪದಲ್ಲೇ ಬರುತ್ತದೆ. ದವಡೆ ಜೋತು ಬೀಳುತ್ತದೆ, ಜೊಲ್ಲು ಸುರಿಯುತ್ತದೆ, ನುಂಗಲು ಆಗುವುದಿಲ್ಲ, ಕಾಲು ಸೋಲುತ್ತವೆ. ಪೆಟ್ಟಿನ ಗುರುತೇ ಇಲ್ಲದೆ ಅಪರಿಚಿತ ನಾಯಿ ಹೀಗೆ ಬಿದ್ದಿದ್ದರೆ ಮುಟ್ಟಬೇಡಿ. ಬಾಯಲ್ಲಿ ಎಲುಬು ಸಿಕ್ಕಿದೆಯೇನೋ ಅಂತ ಕೈ ಹಾಕಲೇಬೇಡಿ. ಮಕ್ಕಳನ್ನು ದೂರವಿರಿಸಿ ಡಾಕ್ಟರಿಗೆ ತಿಳಿಸಿ.

ಕಚ್ಚಿದರೆ, ಪರಚಿದರೆ, ಗಾಯದ ಮೇಲೆ ನೆಕ್ಕಿದರೆ ಮೊದಲು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ. ಸುಣ್ಣ, ಖಾರದ ಪುಡಿ, ಅರಿಶಿಣ ಏನೂ ಬೇಡ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಲಸಿಕೆಯನ್ನು ಸಾಮಾನ್ಯವಾಗಿ ಮೊದಲ ದಿನ, ಅಲ್ಲಿಂದ 3ನೇ, 7ನೇ, 28ನೇ ದಿನಕ್ಕೆ ಕೊಡುತ್ತಾರೆ. ರಕ್ತ ಬಂದ ಗಾಯವಾದರೆ ಗಾಯಕ್ಕೇ ಇನ್ನೊಂದು ಚುಚ್ಚುಮದ್ದು ಬೇಕಾಗುತ್ತದೆ. ‘ಎರಡು ಸೂಜಿ ಆಯ್ತು, ಸಾಕು’ ಅನ್ನಬೇಡಿ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸಿಗೆ ಮದ್ದಿಲ್ಲ. ಬೀದಿ ನಾಯಿಗಳ ಆರೈಕೆಯನ್ನು ದಿನವೂ ಮಾಡುವವರು ಮುಂಚಿತವಾಗಿಯೇ ಲಸಿಕೆ ಹಾಕಿಸಿಕೊಳ್ಳುವ ಬಗ್ಗೆ ಡಾಕ್ಟರನ್ನು ಕೇಳಿ.

ಮನೆಯಲ್ಲಿ ಈಗಾಗಲೇ ನಾಯಿ ಇದೆಯೇ? ಹೊಸದನ್ನು ಎರಡು ವಾರವಾದರೂ ಬೇರೆ ಇಡಿ. ಡಿಸ್ಟೆಂಪರ್, ಪಾರ್ವೊ ರೋಗಗಳು ಒಂದರಿಂದ ಒಂದಕ್ಕೆ ಬೇಗ ಹರಡುತ್ತವೆ. ತಟ್ಟೆ, ಹಾಸಿಗೆ ಬೇರೆ ಇರಲಿ. ಮುಟ್ಟಿದ ಮೇಲೆ ಕೈ ತೊಳೆಯುವುದನ್ನು ಮಕ್ಕಳಿಗೂ ಕಲಿಸಿ.

ಮೂರು ಕಾಲಿನವರು

ಒಂದು ಕಾಲು ತೆಗೆದ ನಾಯಿಯನ್ನು ನೋಡಿ ಅಳುವವರು ನಾವು, ನಾಯಿ ಅಳುವುದಿಲ್ಲ. ಗಾಯ ಮಾಯುತ್ತಿದ್ದಂತೆ, ಕೆಲವೇ ವಾರದಲ್ಲಿ ಮೂರು ಕಾಲಲ್ಲಿ ಓಡುವುದನ್ನು ತಾನೇ ಕಲಿಯುತ್ತದೆ. ಅದಕ್ಕೆ ಇಬ್ಬರು ಶತ್ರುಗಳು. ಒಂದು ಜಾರುವ ನೆಲ, ಇನ್ನೊಂದು ಮೈಯ ಬೊಜ್ಜು.

ನಮ್ಮ ಮನೆಗಳಲ್ಲಿ ಶಹಾಬಾದ್ ಫರಸಿ, ಈಗೀಗ ಟೈಲ್ಸ್, ಗ್ರಾನೈಟ್. ನಾಯಿ ಓಡಾಡುವ ದಾರಿಗೆ ಗೋಣಿ ತಟ್ಟೋ ಹಳೆಯ ಚಾಪೆಯೋ ಹಾಕಿ, ಅಷ್ಟು ಸಾಕು. ಉಗುರು ಬೆಳೆಯದಂತೆ ನೋಡಿಕೊಳ್ಳಿ. ಇನ್ನು ಪಾಪ ಅಂತ ದಿನಕ್ಕೆ ನಾಲ್ಕು ಸಲ ಊಟ ಹಾಕುವ ಪ್ರೀತಿ ಬೇಡ. ನಾಲ್ಕು ಕಾಲಿನ ಭಾರವನ್ನು ಮೂರೇ ಹೊರುತ್ತಿವೆ. ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಸಿಗುವಂತಿದ್ದರೆ ತೂಕ ಸರಿ ಇದೆ ಅಂತ.

ಕಣ್ಣಿಲ್ಲದವರು, ಕಿವಿಯಿಲ್ಲದವರು

ಕುರುಡು ನಾಯಿ ಮನೆಯ ನಕ್ಷೆಯನ್ನು ಮೂಗಿನಲ್ಲಿ, ಪಾದದಲ್ಲಿ ಬರೆದುಕೊಳ್ಳುತ್ತದೆ. ಆ ನಕ್ಷೆ ಕೆಡಿಸಬೇಡಿ. ನೀರಿನ ಬಟ್ಟಲು, ಊಟದ ತಟ್ಟೆ, ಮಲಗುವ ಜಾಗ ದಿನವೂ ಅಲ್ಲೇ ಇರಲಿ. ಮಂಚ, ಕುರ್ಚಿ ಪದೇ ಪದೇ ಸರಿಸಬೇಡಿ. ಮೆಟ್ಟಿಲು ಶುರುವಾಗುವ ಜಾಗದಲ್ಲಿ ಒರಟು ಚಾಪೆ ಹಾಕಿದರೆ ‘ಇಲ್ಲಿ ಹುಷಾರು’ ಅಂತ ಪಾದಕ್ಕೇ ತಿಳಿಯುತ್ತದೆ. ನೆಲಮಟ್ಟದ ನೀರಿನ ತೊಟ್ಟಿ, ಸಂಪು, ಬಾವಿಗೆ ಮುಚ್ಚಳ ಇರಲೇಬೇಕು. ಮುಟ್ಟುವ ಮೊದಲು ಹೆಸರು ಹಿಡಿದು ಕೂಗಿ.

ಕಿವುಡು ನಾಯಿಗೆ ಉಲ್ಟಾ. ಕೂಗಿ ಉಪಯೋಗವಿಲ್ಲ. ನೆಲದ ಮೇಲೆ ಕಾಲು ಬಡಿದರೆ ಆ ಅದುರು ತಿಳಿದು ತಿರುಗುತ್ತದೆ. ಬಾ, ಕೂಡು, ಬೇಡ ಎಂಬುದಕ್ಕೆ ಒಂದೊಂದು ಕೈಸನ್ನೆ ಇಟ್ಟುಕೊಳ್ಳಿ. ಮನೆಯವರೆಲ್ಲ ಒಂದೇ ಸನ್ನೆ ಬಳಸಬೇಕು. ಮಗ ಒಂದು ತೋರಿಸಿ ನೀವೊಂದು ತೋರಿಸಿದರೆ ಅದು ಯಾರ ಮಾತು ಕೇಳಬೇಕು? ಮಲಗಿದ್ದಾಗ ಗಕ್ಕನೆ ಮುಟ್ಟಬೇಡಿ, ಬೆಚ್ಚಿ ಕಚ್ಚೀತು. ರಸ್ತೆಗೆ ಕರೆದೊಯ್ಯುವಾಗ ಹಗ್ಗ ಕೈಯಲ್ಲೇ ಇರಲಿ. ಹಿಂದಿನಿಂದ ಬರುವ ಮೋಟರ್‌ಸೈಕಲ್ಲಿನ ಹಾರನ್ ಅದಕ್ಕೆ ಕೇಳುವುದಿಲ್ಲ.

ಸೊಂಟ ಬಿದ್ದವರು: ಗಡಿಯಾರದ ಕೆಲಸ

ಎಲ್ಲಕ್ಕಿಂತ ಹೆಚ್ಚು ಕೆಲಸ ಇರುವುದು ಇಲ್ಲೇ. ಬೆನ್ನುಹುರಿಗೆ ಪೆಟ್ಟಾದ ಕೆಲವು ನಾಯಿಗಳು ವಾರಗಳ ಮೇಲೆ ಮತ್ತೆ ಕಾಲೂರುತ್ತವೆ, ಕೆಲವು ಎಂದೂ ಊರುವುದಿಲ್ಲ. ಯಾವುದು ಏಳುತ್ತದೆ ಎಂಬುದನ್ನು ಡಾಕ್ಟರು ಪರೀಕ್ಷಿಸಿ ಅಂದಾಜು ಹೇಳಬಲ್ಲರು. ಅಲ್ಲಿಯವರೆಗೆ ಕಾಯಿಸುವುದು ಮೂರು ವಿಷಯ: ಮೂತ್ರ, ಹುಣ್ಣು, ಬಿಸಿಲು.

ಮೊದಲನೆಯದು ಮೂತ್ರ. ಸೊಂಟದ ಕೆಳಗೆ ಸ್ವಾಧೀನ ಇಲ್ಲದ ಎಷ್ಟೋ ನಾಯಿಗಳು ತಾವಾಗಿ ಮೂತ್ರ ಮಾಡಲಾರವು. ತುಂಬಿದ ಮೂತ್ರಚೀಲ ತಾನೇ ತುಳುಕಿ ಹನಿಯುತ್ತಿದ್ದರೆ ‘ಮಾಡ್ತಾ ಇದೆಯಲ್ಲ’ ಅಂದುಕೊಂಡುಬಿಡುತ್ತೇವೆ. ಹಾಗೆ ಉಳಿದ ಮೂತ್ರ ಸೋಂಕಾಗುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಹೊಟ್ಟೆಯ ಎರಡೂ ಬದಿಯಿಂದ ಮೆತ್ತಗೆ ಒತ್ತಿ ಮೂತ್ರ ತೆಗೆಸಬೇಕು. ಇದನ್ನು ಓದಿ ಕಲಿಯುವುದಲ್ಲ, ದವಾಖಾನೆಯಲ್ಲಿ ಡಾಕ್ಟರು ನಿಮ್ಮ ಕೈ ಹಿಡಿದು ತೋರಿಸಬೇಕು. ಜೋರಾಗಿ ಅಮುಕಿದರೆ ಅಪಾಯ. ಮೂತ್ರ ನಾರುತ್ತಿದ್ದರೆ, ಕದಡಿದ್ದರೆ, ಕೆಂಪಾಗಿದ್ದರೆ ಅವತ್ತೇ ದವಾಖಾನೆ.

ಎರಡನೆಯದು ಹುಣ್ಣು. ಒಂದೇ ಮಗ್ಗುಲಲ್ಲಿ ಬಿದ್ದುಕೊಂಡರೆ ಚಪ್ಪೆ, ಮೊಣಕೈ, ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣು ಏಳುತ್ತದೆ. ತಾನಾಗಿ ಹೊರಳಲಾರದ ನಾಯಿಗೆ ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಹಾಸಿಗೆಗೆ ನಮ್ಮ ಕೌದಿಗಿಂತ ಒಳ್ಳೆಯದು ಏನಿದೆ? ಕೆಳಗೆ ತಾಡಪತ್ರಿಯ ತುಂಡು, ಮೇಲೆ ಎರಡು ಮಡಿಕೆ ಹಳೆಯ ಕೌದಿ, ಅದರ ಮೇಲೆ ಹತ್ತಿಯ ಹಳೇ ಸೀರೆ. ಒದ್ದೆಯಾದ ಕೂಡಲೇ ಮೇಲಿನ ಸೀರೆ ತೆಗೆದು ಬೇರೆ ಹಾಸಿ. ಉಗುರು ಬೆಚ್ಚಗಿನ ನೀರಿನಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಒದ್ದೆ ಇದ್ದಲ್ಲಿ ನೊಣ, ನೊಣ ಬಂದಲ್ಲಿ ಹುಳ. ಮಳೆಗಾಲದಲ್ಲಂತೂ ದಿನಕ್ಕೆರಡು ಸಲ ಬಾಲದ ಬುಡ, ತೊಡೆಯ ಸಂದು ಬಿಡಿಸಿ ನೋಡಲೇಬೇಕು. ಕಾಲು ಎಳೆದುಕೊಂಡು ಹೋಗುವ ನಾಯಿಗೆ ಒರಟು ನೆಲದಲ್ಲಿ ಚರ್ಮ ಹರಿಯುತ್ತದೆ. ನುಣುಪಾದ ಮಣ್ಣಿನ ಅಂಗಳವೋ ಚಾಪೆಯೋ ಇರಲಿ.

ಮೂರನೆಯದು ನಮ್ಮ ಊರಿಗೇ ವಿಶೇಷ: ಬಿಸಿಲು. ಏಪ್ರಿಲ್, ಮೇ ಬಂತೆಂದರೆ ಇಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ನಡೆಯುವ ನಾಯಿ ನೆರಳು ಸರಿದಂತೆ ತಾನೂ ಸರಿಯುತ್ತದೆ. ಸೊಂಟ ಬಿದ್ದ ನಾಯಿ ಎಲ್ಲಿಟ್ಟರೆ ಅಲ್ಲೇ. ಬೆಳಿಗ್ಗೆ ಎಂಟಕ್ಕೆ ನೆರಳಿದ್ದ ಜಾಗ ಹನ್ನೊಂದಕ್ಕೆ ಕಾದ ಹಂಚು! ಹಾಗಾಗಿ ಇಡೀ ದಿನ ನೆರಳು ಬೀಳುವ ಜಾಗವನ್ನೇ ಆರಿಸಿ. ನೀರು ಬಾಯಿಗೆ ಎಟುಕುವಂತಿರಲಿ. ಏದುಸಿರು, ದಪ್ಪ ಜೊಲ್ಲು, ಕೆಂಪೇರಿದ ಒಸಡು ಕಂಡರೆ ತಣ್ಣೀರು ಸುರಿದು ಫ್ಯಾನಿನ ಕೆಳಗೆ ಇಟ್ಟು, ಡಾಕ್ಟರಿಗೆ ಫೋನ್ ಮಾಡಿ. ಐಸ್ ಬೇಡ.

ಗಾಲಿಕುರ್ಚಿ ಬಗ್ಗೆ ಕೇಳುವಿರಾ? ಹಿಂಗಾಲಿಗೆ ಗಾಲಿ ಕಟ್ಟಿಕೊಂಡು ಓಡುವ ನಾಯಿಗಳನ್ನು ಟೀವಿಯಲ್ಲಿ ನೋಡಿರುತ್ತೀರಿ. ಹಗುರ ಪಿವಿಸಿ ಪೈಪಿನಲ್ಲಿ ಮಾಡಿಸಿಕೊಂಡವರೂ ಇದ್ದಾರೆ. ಆದರೆ ಅದನ್ನು ಹಾಕಿಕೊಂಡು ನಾಯಿಗೆ ಮಲಗಲು ಬರುವುದಿಲ್ಲ. ಮೊದಮೊದಲು ಐದು ಹತ್ತು ನಿಮಿಷ, ರೂಢಿಯಾದ ಮೇಲೂ ನೀವು ಎದುರಿಗೇ ಇರುವಷ್ಟು ಹೊತ್ತು ಮಾತ್ರ. ಪಟ್ಟಿ ಉಜ್ಜಿದ ಕಡೆ ಕೆಂಪಾಗಿದೆಯೇ ಎಂದು ಪ್ರತಿ ಸಲ ನೋಡಿ.

ಅಡುಗೆ ಮನೆಯ ಗೋಡೆಗೊಂದು ಪಟ್ಟಿ

ಧಾಮಗಳಲ್ಲಿ ಕೆಲಸ ನಡೆಯುವುದು ಬರೆದಿಟ್ಟ ಪಟ್ಟಿಯ ಮೇಲೆ. ನೀವೂ ಕ್ಯಾಲೆಂಡರಿನ ಪಕ್ಕ ಒಂದು ಹಾಳೆ ಅಂಟಿಸಿ. ಹೀಗಿರಬಹುದು:

ಬೆಳಿಗ್ಗೆ 6: ಮೂತ್ರ ತೆಗೆಸುವುದು, ಒರೆಸುವುದು, ಹಾಸಿಗೆ ಬದಲು.
ಬೆಳಿಗ್ಗೆ 8: ಊಟ, ಔಷಧಿ, ಗಾಯ ನೋಡುವುದು.
11 ಗಂಟೆ: ಮಗ್ಗುಲು, ನೀರು, ನೆರಳು.
ಮಧ್ಯಾಹ್ನ 2: ಮೂತ್ರ, ಮಗ್ಗುಲು.
ಸಂಜೆ 6: ಊಟ, ಡಾಕ್ಟರು ಹೇಳಿದ ಕಾಲಿನ ವ್ಯಾಯಾಮ, ಒಂದಿಷ್ಟು ಮಾತು.
ರಾತ್ರಿ 10: ಮೂತ್ರ, ಒಣ ಹಾಸಿಗೆ.

ಪ್ರತಿ ಕೆಲಸದ ಮುಂದೆ ಮಾಡಿದವರು ಟಿಕ್ ಹಾಕಲಿ. ಮೂತ್ರ ಆಯಿತೋ ಇಲ್ಲವೋ, ಊಟ ಎಷ್ಟು ತಿಂದಿತು, ಬರೆದಿಟ್ಟರೆ ಡಾಕ್ಟರಿಗೂ ಅನುಕೂಲ.

ಊಟಕ್ಕೆ ಬೇರೆ ಖರ್ಚೇನೂ ಬೇಡ. ಜೋಳದ ರೊಟ್ಟಿ ಮುರಿದು ಉಪ್ಪು ಖಾರ ಹಾಕದ ಬೇಳೆ ಕಟ್ಟಿನಲ್ಲಿ ನೆನೆಸಿ, ಅಥವಾ ಅನ್ನಕ್ಕೆ ಬೇಯಿಸಿದ ಮೊಟ್ಟೆ ಕಲಸಿ. ಮೊಟ್ಟೆ, ಮಾಂಸ ಮನೆಗೆ ತರದವರು ಡಾಕ್ಟರನ್ನು ಕೇಳಿ ನಾಯಿಯ ಸಿದ್ಧ ಆಹಾರ ಬೆರೆಸಬಹುದು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಯಾವುದೂ ಬೇಡ. ನಮ್ಮ ಸಾರು ಪಲ್ಯದಲ್ಲೆಲ್ಲ ಉಳ್ಳಾಗಡ್ಡಿ ಇರುತ್ತದಲ್ಲ, ಅದಕ್ಕೇ ಒಗ್ಗರಣೆ ಹಾಕುವ ಮೊದಲೇ ಅದರ ಪಾಲು ಎತ್ತಿಡಿ. ಬೆಂದ ಕೋಳಿ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ, ಎಚ್ಚರ.

ಅತ್ತೆ ಏನಂತಾರೆ? ಯಜಮಾನರು ಏನಂತಾರೆ?

‘ಯವ್ವಾ, ಅದನ್ಯಾಕ ಮನಿಗಿ ತಂದಿ? ಮಡಿ ಮೈಲಿಗಿ ಒಂದೂ ಬ್ಯಾಡೇನು?’ ಈ ಮಾತು ಬಂದೇ ಬರುತ್ತದೆ. ಜಗಳ ಬೇಡ. ದೇವರ ಕೋಣೆ, ಅಡುಗೆ ಮನೆಗೆ ಅದು ಬರುವುದಿಲ್ಲ, ಹಿತ್ತಿಲಲ್ಲಿ ಇರುತ್ತದೆ ಎಂದು ಮೊದಲೇ ಹೇಳಿ, ಹಾಗೇ ನಡೆದುಕೊಳ್ಳಿ. ನಮ್ಮ ಓಣಿಯ ಅಜ್ಜಿಯೊಬ್ಬರು ಹೀಗೇ ಮೂಗು ಮುರಿಯುತ್ತಿದ್ದವರು. ಈಗ ಸಂಜೆ ಆರಾದರೆ ‘ಅದಕ್ಕ ಊಟ ಹಾಕಿದ್ರೇನು?’ ಅಂತ ಮೊದಲು ಕೇಳುವವರು ಅವರೇ.

ಆದರೆ ಮನೆಯವರ ಒಪ್ಪಿಗೆ ಇಲ್ಲದೆ, ಎಲ್ಲ ಭಾರ ನಾನೊಬ್ಬಳೇ ಹೊರುತ್ತೇನೆ ಎಂಬ ಹಟ ಬೇಡ. ಮಕ್ಕಳ ಪರೀಕ್ಷೆ, ತವರಿನ ಮದುವೆ, ನಿಮಗೇ ಜ್ವರ ಬಂದ ದಿನ... ಆಗ ಯಾರು? ಪಟ್ಟಿಯಲ್ಲಿ ಯಜಮಾನರ ಹೆಸರೂ ಇರಲಿ, ಹತ್ತನೇ ಕ್ಲಾಸಿನ ಮಗನ ಹೆಸರೂ ಇರಲಿ. ಬಾಡಿಗೆ ಮನೆಯಾದರೆ ಮಾಲೀಕರ ಕಿವಿಗೆ ಮೊದಲೇ ಹಾಕಿ. ಕೈಲಾಗದು ಅನ್ನಿಸಿದರೆ ‘ಆಗಲ್ಲ’ ಎಂದು ಮೊದಲ ದಿನವೇ ಹೇಳುವುದು ಪಾಪವಲ್ಲ. ಒಂದು ತಿಂಗಳು ಸಾಕಿ, ಆಮೇಲೆ ಊರ ಹೊರಗೆ ಬಿಟ್ಟು ಬರುವುದು ಪಾಪ. ಸೊಂಟ ಬಿದ್ದ ನಾಯಿ ಅಲ್ಲಿ ಎರಡು ದಿನವೂ ಬದುಕದು.

ಕಳಿಸಿಕೊಡಬೇಕಾದ ಹೊತ್ತು

ಬರೆಯಲು ಕಷ್ಟವಾಗುವ ಮಾತು ಇದು. ಎಲ್ಲ ನಾಯಿಗಳನ್ನೂ ಉಳಿಸಲು ಆಗುವುದಿಲ್ಲ. ಔಷಧಿಗೂ ಬಗ್ಗದ ನೋವು, ವಾಸಿಯಾಗದ ಗಾಯ ಇದ್ದಾಗ ಡಾಕ್ಟರು ಶಾಂತವಾದ ಸಾವಿನ ಮಾತೆತ್ತಬಹುದು. ಅಂಥ ಹೊತ್ತಿನಲ್ಲಿ ನಿಮ್ಮನ್ನೇ ಮೂರು ಪ್ರಶ್ನೆ ಕೇಳಿಕೊಳ್ಳಿ. ಊಟವನ್ನು ಆಸೆಯಿಂದ ತಿನ್ನುತ್ತಿದೆಯೇ? ನಿಮ್ಮ ದನಿ ಕೇಳಿದರೆ ತಲೆ ಎತ್ತುತ್ತದೆಯೇ? ವಾರದಲ್ಲಿ ಒಳ್ಳೆಯ ದಿನಗಳು ಹೆಚ್ಚೋ, ನೋವಿನ ದಿನಗಳು ಹೆಚ್ಚೋ? ಪಟ್ಟಿ ಬರೆದಿಟ್ಟಿದ್ದರೆ ಉತ್ತರ ಅಲ್ಲೇ ಇರುತ್ತದೆ.

ಕಾಲಿಲ್ಲ ಎಂಬ ಒಂದೇ ಕಾರಣಕ್ಕೆ ಸಾವು ಪರಿಹಾರವಲ್ಲ. ಹಾಗೆಯೇ ನಮ್ಮ ಮನಸ್ಸು ಒಪ್ಪದು ಎಂಬ ಕಾರಣಕ್ಕೆ ಅದನ್ನು ನರಳಿಸುವುದೂ ನ್ಯಾಯವಲ್ಲ. ಇದು ಡಾಕ್ಟರ ಚುಚ್ಚುಮದ್ದಿನಿಂದಲೇ ಆಗಬೇಕು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳೂ ಗುಣವಾಗದ ರೋಗದ, ಮಾರಣಾಂತಿಕ ಗಾಯದ ಬೀದಿ ನಾಯಿಗಳ ವಿಷಯದಲ್ಲಿ ಹೀಗೆಯೇ ಹೇಳುತ್ತವೆ. ಯಾರೋ ಕೈಯಾರೆ ವಿಷ ಹಾಕುವುದು ಅಪರಾಧ. ಕೊನೆಯ ಗಳಿಗೆಯಲ್ಲಿ ಸಾಧ್ಯವಾದರೆ ನೀವು ಅದರ ಪಕ್ಕದಲ್ಲಿರಿ. ಪರಿಚಯದ ಕೈ ತಲೆಯ ಮೇಲಿದ್ದರೆ ಅದಕ್ಕೆ ಹೆದರಿಕೆ ಕಡಿಮೆ.

ಮೂರು ಮನೆ ಸೇರಿದರೆ ಒಂದು ಧಾಮ

ಕಳೆದ ಕೆಲವು ವರ್ಷಗಳಿಂದ ಬೀದಿ ನಾಯಿಗಳ ಮಾತು ಕೋರ್ಟಿನವರೆಗೂ ಹೋಗಿದೆ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ಹಿಡಿದು, ಸಂತಾನಹರಣ ಚಿಕಿತ್ಸೆ, ಲಸಿಕೆ ಮಾಡಿಸಿ ಆಶ್ರಯಧಾಮಗಳಲ್ಲಿ ಇರಿಸಬೇಕೆಂದು ಆದೇಶ ನೀಡಿತು. ಮಕ್ಕಳನ್ನು ಶಾಲೆಗೆ ಕಳಿಸುವ ತಾಯಂದಿರು ನಾವು, ನಾಯಿ ಕಡಿತದ ಭಯ ನಮಗೂ ಇದೆ. ಆದರೆ ಆಶ್ರಯಧಾಮ ಅಂದರೆ ಬರೀ ನಾಲ್ಕು ಗೋಡೆ, ಒಂದು ಬೀಗ ಅಲ್ಲವಲ್ಲ. ಒಣ ಹಾಸಿಗೆ, ನೆರಳು, ಹೊತ್ತಿಗೆ ಊಟ, ಡಾಕ್ಟರು, ಗಾಯ ನೋಡುವ ಕಣ್ಣು ಇದ್ದರೆ ಅದು ಧಾಮ. ಅವಿಲ್ಲದಿದ್ದರೆ ಅದು ದೊಡ್ಡಿ. ನಿಮ್ಮೂರಿನಲ್ಲಿ ಅಂಥದ್ದೊಂದು ಕಟ್ಟುವ ಮಾತು ಬಂದರೆ ವಾರ್ಡಿನ ಸದಸ್ಯರನ್ನು ಈ ಪ್ರಶ್ನೆಗಳನ್ನೇ ಕೇಳಿ.

ಅಷ್ಟರವರೆಗೆ ಒಂದು ಓಣಿಯ ಮೂರು ಮನೆ ಸೇರಿದರೆ ಬಹಳಷ್ಟು ಆಗುತ್ತದೆ. ಹಿತ್ತಿಲಿದ್ದವರು ಜಾಗ ಕೊಡಲಿ. ಜಾಗವಿಲ್ಲದವರು ಹಳೇ ಸೀರೆ, ಕೌದಿ, ಬೇಳೆ ಕಟ್ಟು ಕೊಡಲಿ. ಸ್ಕೂಟಿ ಇದ್ದವರು ಔಷಧಿ ತರಲಿ, ದವಾಖಾನೆಗೆ ಓಡಾಡಲಿ. ಡಾಕ್ಟರ ಖರ್ಚಿಗೆ ಚೀಟಿ ಹಣದ ಹಾಗೆ ತಿಂಗಳಿಗಿಷ್ಟು ಎಂದು ಡಬ್ಬಿಯಲ್ಲಿ ಹಾಕಿಡಿ. ಓಣಿಯ ಉಳಿದ ನಾಯಿಗಳಿಗೆ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ಹಾಕಿಸಿ, ಸಂತಾನಹರಣ ಚಿಕಿತ್ಸೆಗೆ ನಗರಸಭೆಗೆ ಅರ್ಜಿ ಕೊಡಿ. ಐದಾರು ಹೆಣ್ಣುಮಕ್ಕಳು ಸಹಿ ಹಾಕಿ ಒಟ್ಟಿಗೆ ಹೋದರೆ ಅರ್ಜಿಗೆ ತೂಕ ಬರುತ್ತದೆ.

ಇದೇ ವಾರ ಒಂದು ಕೆಲಸ ಮಾಡಿ. ನಿಮ್ಮೂರ ದನದ ದವಾಖಾನೆ ತೆರೆಯುವ ಹೊತ್ತು, ಡಾಕ್ಟರ ಫೋನ್ ನಂಬರ್ ಕೇಳಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಹಳೇ ಕೌದಿಯೊಂದನ್ನು ಒಗೆದು ಮಡಚಿಡಿ. ಬೇಕಾಗುವ ದಿನ ಹೇಳಿ ಕೇಳಿ ಬರುವುದಿಲ್ಲ!